ಊಟದ ಮೇಜಿನ ಮೇಲೊಂದು ಮರದ ಮೆಟ್ಟು

ನನ್ನ ಕ್ರೋಕೆಟ್‌ಗಳನ್ನು ವಾರಕ್ಕೊಂದೇ ದಿನ, ಬುಧವಾರಕ್ಕೆ ಗಡೀಪಾರು ಮಾಡಿದವನು ಡೌವೆ ಹೂಕ್ಸ್ಮಾ. ಅದಕ್ಕೆ ಮೊದಲು ನಮ್ಮ ದೋಣಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಾರವಿಡೀ ಕ್ರೋಕೆಟ್ ಕರಿಯುತ್ತಿದ್ದೆ. ಹೊರಗೆ ಗರಿಗರಿ, ಒಳಗೆ ನಾಲಿಗೆ ಸುಡುವಷ್ಟು ಬಿಸಿಯಾದ ಮಾಂಸದ ಹೂರಣ. ಅದನ್ನು ಬ್ರೆಡ್ಡಿನ ನಡುವೆ ಇಟ್ಟು, ಸಾಸಿವೆ ಸವರಿ ತಿಂದವರು ಮಧ್ಯಾಹ್ನದ ಮೇಲೆ ಎರಡಾಳಿನ ಕೆಲಸ ಮಾಡುತ್ತಿದ್ದರು ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಡೌವೆ ಹೇಳುತ್ತಿದ್ದದ್ದೇ ಬೇರೆ. ತಿಂದವರೆಲ್ಲ ಅರ್ಧ ಕಟ್ಟಿದ ದೋಣಿಗಳೊಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದರಂತೆ. ಅದಿರಲಿ.

ಅವನ ಬಗ್ಗೆ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಡೌವೆಗೆ ಈಜು ಬರುತ್ತಿರಲಿಲ್ಲ.

ಬೇರೆ ಕಡೆ ಇದೊಂದು ದೊಡ್ಡ ವಿಷಯವಲ್ಲದಿರಬಹುದು. ಕೆರೆ ಕಾಲುವೆಗಳೇ ತುಂಬಿದ ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ ಹುಟ್ಟಿ, ಸರೋವರದ ದಂಡೆಯಲ್ಲಿ ದೋಣಿ ಕಟ್ಟುತ್ತಲೇ ತಲೆ ನರೆಸಿಕೊಂಡವನಿಗೆ ಈಜು ಬಾರದೆಂದರೆ ಅದು ಓದು ಬಾರದ ಮೇಷ್ಟರ ಪಾಡು. ನಮ್ಮ ಮಕ್ಕಳು ಹಾಲುಹಲ್ಲು ಉದುರುವ ವಯಸ್ಸಿಗೇ ಅಂಗಿ, ಚಡ್ಡಿ, ಬೂಟು ಸಮೇತ ಕೊಳಕ್ಕೆ ಹಾರುತ್ತವೆ. ನೀರೊಳಗೆ ಇಳಿಬಿಟ್ಟ ಹಾಯಿಬಟ್ಟೆಯ ತೂತಿನಲ್ಲಿ ನುಸುಳಿ ಆಚೆ ಬಂದು ಈಜಿನ ಪ್ರಮಾಣಪತ್ರ ಗಿಟ್ಟಿಸುತ್ತವೆ. ಅಜ್ಜ ಅಜ್ಜಿಯರು ದಂಡೆಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಆ ಪತ್ರ ಇಲ್ಲದ ಮಗುವನ್ನು ಹುಟ್ಟುಹಬ್ಬಕ್ಕೆ ಕರೆಯುವಾಗಲೂ ತಾಯಂದಿರು ಯೋಚಿಸುತ್ತಾರೆ, ಏಕೆಂದರೆ ಎಲ್ಲರ ಹಿತ್ತಲಿನಲ್ಲೂ ಒಂದು ಕಾಲುವೆ ಇರುತ್ತದೆ.

ಡೌವೆಯ ಅಪ್ಪನದು ಸರಕಿನ ದೋಣಿ. ದೋಣಿಯ ಮೇಲೇ ಬೆಳೆದ ಮಗ ನೀರಿಗೆ ಬೀಳದಿರಲಿ ಎಂದು ಅಮ್ಮ ಸೊಂಟಕ್ಕೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿಯುತ್ತಿದ್ದಳು. ಶಾಲೆಯ ವಯಸ್ಸಿಗೆ ಅವನನ್ನು ಹಾಸ್ಟೆಲಿಗೆ ಬಿಟ್ಟರು. ಅಲ್ಲಿನ ಈಜಿನ ಮೇಷ್ಟರ ಕೈಯಲ್ಲಿ ತುದಿಗೆ ಕೊಕ್ಕೆ ಇರುವ ಉದ್ದನೆಯ ಕೋಲು ಇರುತ್ತಿತ್ತು. ಮಕ್ಕಳನ್ನು ನೀರಿನ ನಡುವಿಗೆ ನೂಕುವುದೂ ಅದರಲ್ಲೇ, ಮುಳುಗಿದರೆ ಎಳೆಯುವುದೂ ಅದರಲ್ಲೇ. ಡೌವೆ ಮೊದಲ ದಿನವೇ ಆ ಕೊಕ್ಕೆಯನ್ನು ತಬ್ಬಿಕೊಂಡು ಬಿಡಲಿಲ್ಲ. ಮೇಷ್ಟರು ಕೋಲು ಎತ್ತಿದರು, ಇವನೂ ಗಾಳಕ್ಕೆ ಸಿಕ್ಕ ಮೀನಿನಂತೆ ಮೇಲೆ ಬಂದ. ಎಲ್ಲರೆದುರು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ. ಮಕ್ಕಳು ಬಿದ್ದು ಬಿದ್ದು ನಕ್ಕವು. ಮಾರನೆಯ ವಾರದಿಂದ ಅವನಿಗೆ ಕಿವಿನೋವು ಶುರುವಾಯಿತು. ಆ ಕಿವಿನೋವು ಐವತ್ತು ದಾಟಿದ ಮೇಲೂ ವಾಸಿಯಾಗಲಿಲ್ಲ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಅವನೇ ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅರ್ಧ ಹೇಳಿದ. ಉಳಿದರ್ಧ ಆಫ್ಕೆ ಹೇಳಿದ್ದು. ಅವಳ ವಿಷಯಕ್ಕೆ ಬರುತ್ತೇನೆ.

ನಮ್ಮ ಕಾರ್ಖಾನೆಯಲ್ಲಿ ಆರೋಗ್ಯದ ಮಾತು ಶುರುವಾಗಿದ್ದು ಒಂದು ಸಾವಿನಿಂದ. ಬಣ್ಣದ ಶೆಡ್ಡಿನ ಹಾರ್ಮೆನ್ ಒಂದು ದಿನ ಎದೆ ಹಿಡಿದುಕೊಂಡು ಏಣಿ ಇಳಿದ. ಇಳಿದವನು ಕೂತ, ಕೂತವನು ಏಳಲಿಲ್ಲ. ಅವನ ಅಂತ್ಯಕ್ರಿಯೆ ಮುಗಿಸಿ ಬಂದ ದಿನ ಮಾಲೀಕ ಮೈಂಡರ್ಟ್ ಎಲ್ಲರನ್ನೂ ಕ್ಯಾಂಟೀನಿಗೆ ಕರೆದ.

"ಬರೀ ದೋಣಿ ರಿಪೇರಿ ಮಾಡ್ತಾ ಕೂತ್ರೆ ಆಗಲ್ಲ ಕಣ್ರಪ್ಪ, ನಮ್ಮನ್ನೂ ಒಂಚೂರು ರಿಪೇರಿ ಮಾಡ್ಕೋಬೇಕು. ಯಾರಾದ್ರೂ ಇದನ್ನ ನೋಡ್ಕೊಳ್ಳೋರು ಬೇಕು. ಯಾರು?"

ಡೌವೆ ಕೈ ಎತ್ತಿದ. ಮರಗೆಲಸದ ಶೆಡ್ಡಿಗೆ ಅವನು ಮೇಸ್ತ್ರಿ, ಹಾರ್ಮೆನ್ ಅವನ ಗೆಳೆಯ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಇವನೂ ಒಬ್ಬ. ಅವನ ಮನಸ್ಸಿನಲ್ಲಿ ಆಗ ಕಪಟವಿರಲಿಲ್ಲ, ಅದನ್ನು ನಾನು ಯಾರೆದುರು ಬೇಕಾದರೂ ಹೇಳುತ್ತೇನೆ.

ಹಿಡಿದ ಕೆಲಸವನ್ನು ಅವನು ಅರ್ಧಕ್ಕೆ ಬಿಡುವ ಜಾತಿಯಲ್ಲ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ದೋಣಿ ಇಳಿಸುವ ಇಳಿಜಾರಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಗ್ಗಿಸಿದ, ಎದ್ದೇಳಿಸಿದ. ಊಟ ಮುಗಿದ ಕೂಡಲೇ ಏರಿಯ ಮೇಲೆ ಗಾಳಿಯಂತ್ರದವರೆಗೆ ಒಂದು ಸುತ್ತು ನಡೆಯುವುದನ್ನು ರೂಢಿ ಮಾಡಿದ. ಸೋಮವಾರ ಸೇಬು, ಪೇರಳೆಗಳ ಪೆಟ್ಟಿಗೆ ಬರತೊಡಗಿತು. ಕೆಲಸಗಳ್ಳರು ಕೂತು ಸಿಗರೇಟು ಎಳೆಯುತ್ತಿದ್ದ ಬೆಂಚನ್ನು ಹೊತ್ತುಕೊಂಡು ಹೋಗಿ, ಗಾಳಿ ಮುಖಕ್ಕೆ ರಾಚುವ ಕಡೆ ಹಾಕಿದ. ಚಳಿಗೆ ಅರ್ಧ ಜನ ಸಿಗರೇಟನ್ನೇ ಬಿಟ್ಟರು. ನನ್ನ ಪ್ಯಾಂಟ್ರಿಯಲ್ಲಿ ರಕ್ತದೊತ್ತಡ ನೋಡುವ ಯಂತ್ರ ಬಂದು ಕೂತಿತು. ನನಗೇ ಒತ್ತಡ ಜಾಸ್ತಿ ಇತ್ತು, ಅದು ಗೊತ್ತಾಗಿದ್ದು ಅವನಿಂದಲೇ.

ಆದರೆ ಅವನ ದಾರಿ ಒಂದೇ, ಬಾಯಿ. ಯಾರನ್ನಾದರೂ ನಡೆಸಬೇಕೆಂದರೆ ರೇಗಿಸುತ್ತಿದ್ದ. "ಏನಪ್ಪಾ, ಮಂಡಿಗೆ ಎಣ್ಣೆ ಹಾಕ್ಸೋಣ್ವಾ?" "ನಿನ್ನ ಹೊಟ್ಟೆ ಮೊದಲು ಗಾಳಿಯಂತ್ರ ಮುಟ್ಟುತ್ತೆ, ನೀನು ಆಮೇಲೆ ಬರ್ತೀಯ." ಹೀಗೆ. ನಮ್ಮವರು ಬುದ್ಧಿಮಾತಿಗೆ ಕಿವಿ ಕೊಡುವವರಲ್ಲ, ಗೇಲಿ ಮಾಡಿದರೆ ಹಟಕ್ಕೆ ಬಿದ್ದು ಎದ್ದು ನಡೆಯುತ್ತಾರೆ. ಅವನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಆ ಮೆಟ್ಟು ಬಂದದ್ದು ಹಾಗೆ. ಹಳೆಯ ಮರದ ಮೆಟ್ಟು, ಹೊಲದಲ್ಲಿ ಕೆಲಸಕ್ಕೆ ಕಾಲಿಗೆ ಹಾಕಿಕೊಳ್ಳುತ್ತೇವಲ್ಲ, ಅಂಥ ಜೋಡಿಯಲ್ಲಿ ಒಂದು. ಡೌವೆ ಅದಕ್ಕೆ ಕೆಂಪು ಬಣ್ಣ ಬಳಿದು ತಂದ. ಆ ವಾರ ನಡಿಗೆ, ಕಸರತ್ತುಗಳಿಂದ ಎಲ್ಲರಿಗಿಂತ ಹೆಚ್ಚು ತಪ್ಪಿಸಿಕೊಂಡವರ ಮುಂದೆ ಶುಕ್ರವಾರ ಅದನ್ನು ಇಡುವುದು, ಮುಂದಿನ ಶುಕ್ರವಾರದವರೆಗೆ ಅವರು ಅದನ್ನು ನೋಡುತ್ತಲೇ ಊಟ ಮಾಡುವುದು. ಊಟದ ಮೇಜಿನ ಮೇಲೆ ಮೆಟ್ಟು ಇಡುವುದು ಯಾವ ದೇಶದ ಮರ್ಯಾದೆ ಎಂದು ನಾನು ಕೂಗಾಡಿದೆ. "ತೊಳ್ದಿದೀನಿ ಹಿಲ್ಕೆ, ನಿನ್ನ ಪಾತ್ರೆಗಿಂತ ಸ್ವಚ್ಛವಾಗಿದೆ" ಎಂದ. ಎಲ್ಲರೂ ನಕ್ಕರು. ಮೊದಲ ಸಲ ಅದು ಮೈಂಡರ್ಟನ ಮುಂದೆಯೇ ಕೂತಿತು, ಅವನೂ ನಕ್ಕ. ಮಾಲೀಕನನ್ನೂ ಬಿಡುವುದಿಲ್ಲ ಎಂದಮೇಲೆ ಮೆಟ್ಟಿಗೆ ಬೆಲೆ ಬಂತು. ಕೆಲವೇ ತಿಂಗಳಲ್ಲಿ ಮಳೆ ಬಂದರೂ ಜನ ನಡೆಯಲು ಹೋಗುತ್ತಿದ್ದರು. ಬೆನ್ನುನೋವಿನ ರಜೆ ಕಡಿಮೆಯಾಯಿತು. ಪಕ್ಕದ ಊರಿನ ಕಾರ್ಖಾನೆಯವರು ನೋಡಿಕೊಂಡು ಹೋಗಲು ಬಂದರು. ಡೌವೆ ಅವರ ಜೊತೆ ಎದೆ ಉಬ್ಬಿಸಿಕೊಂಡು ಓಡಾಡಿದ.

ಆಮೇಲೆ ಬಂತು ಕೊಳ. ಒಂದು ಚಳಿಗಾಲದಲ್ಲಿ ಇಬ್ಬರು ಹಿಮ ಕಟ್ಟಿದ ದೋಣಿಕಟ್ಟೆಯಿಂದ ಜಾರಿ ಸರೋವರಕ್ಕೆ ಬಿದ್ದರು. ಈಜಿ ದಡವನ್ನೇನೋ ಸೇರಿದರು, ಆದರೆ ಮುಖ ಬಿಳುಚಿಕೊಂಡಿತ್ತು. ಮೈಂಡರ್ಟ್ ಊರಿನ ಈಜುಕೊಳವನ್ನು ಪ್ರತಿ ಗುರುವಾರ ಬೆಳಗಿನ ಹೊತ್ತು ನಮಗಾಗಿ ಬಾಡಿಗೆಗೆ ಹಿಡಿದ. "ನೀರಿನ ಮೇಲೆ ಕೆಲಸ ಮಾಡೋರು ನೀರಲ್ಲಿ ಗಟ್ಟಿ ಇರ್ಬೇಕು. ಡೌವೆ, ಇದೂ ನಿನ್ನ ಪಾಲಿಗೆ" ಎಂದ. ಜನ ಮೇಜು ಕುಟ್ಟಿ ಸಂತೋಷಪಟ್ಟರು. ಡೌವೆಯೂ ಕುಟ್ಟಿದ.

ಗುರುವಾರ ಅವನು ಬಂದ. ಸ್ವಿಮ್ಮಿಂಗ್ ಚಡ್ಡಿ ಹಾಕಿಕೊಂಡೇ ಬಂದ, ಕಾಲಿಗೆ ಸ್ಲಿಪ್ಪರ್, ಕೊರಳಿಗೆ ಸೀಟಿ. ದಂಡೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಾ, ಸೀಟಿ ಊದುತ್ತಾ, "ಕಾಲು ಬಡಿ, ಕಾಲು! ಕಪ್ಪೇನ ನೋಡಿಲ್ವೇನೋ?" ಎಂದು ಕೂಗುತ್ತಾ ಇಡೀ ಹೊತ್ತು ಕಳೆದ. ನೀನ್ಯಾಕೆ ಇಳಿಯಲ್ಲ ಎಂದರೆ ಕಿವಿ ಮುಟ್ಟಿ ತೋರಿಸಿ ತಲೆ ಅಲ್ಲಾಡಿಸುತ್ತಿದ್ದ. ಆರೋಗ್ಯದ ಯಜಮಾನನೇ ಹೇಳಿದ ಮೇಲೆ ಯಾರು ಕೇಳುತ್ತಾರೆ?

ಬರದೇ ಇದ್ದವಳು ಒಬ್ಬಳೇ, ಆಫ್ಕೆ. ಹಾಯಿ ಹೊಲಿಯುವ ಅಟ್ಟದಲ್ಲಿ ಅವಳದೇ ರಾಜ್ಯ. ಮಾತು ಕಡಿಮೆ, ಆಡಿದರೆ ಸೂಜಿ ಚುಚ್ಚಿದ ಹಾಗೆ. ಊರಿನ ಕೊಳದಲ್ಲಿ ಮಕ್ಕಳು ನುಸುಳುವ ಆ ತೂತಿನ ಹಾಯಿಬಟ್ಟೆ ಹರಿದಾಗೆಲ್ಲ ಹೊಸದು ಹೊಲಿದು ಕೊಡುತ್ತಿದ್ದದ್ದೂ ಅವಳೇ. ಅವಳ ಅಪ್ಪ ಕಟ್ಟಾ ಚರ್ಚಿನವನು. ಗಂಡು ಹೆಣ್ಣು ಒಂದೇ ನೀರಿಗೆ ಇಳಿಯುವುದು ಅವನ ಪಾಲಿಗೆ ಪಾಪ. ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಈಜು ಕಲಿಸಲಿಲ್ಲ. ಇದೂ ಆಗ ನಮಗೆ ಗೊತ್ತಿರಲಿಲ್ಲ.

ಶುಕ್ರವಾರ ಎಲ್ಲರೂ ಕೂತಿದ್ದಾಗ ಡೌವೆ ಮೆಟ್ಟು ಹಿಡಿದು ಅವಳ ಹಿಂದೆ ಬಂದು ನಿಂತ.

"ಆಫ್ಕೆ, ನಿನ್ನೆ ಕಾಣ್ಲೇ ಇಲ್ವಲ್ಲ?"

"ನಂಗೆ ಆ ಕ್ಲೋರಿನ್ ಆಗಲ್ಲ. ಮೈಯೆಲ್ಲ ಗಂದೆ ಏಳುತ್ತೆ."

"ಕ್ಲೋರಿನ್ನಾ! ಮಳೇಲಿ ನೆಂದ್ರೆ ಏನೇಳುತ್ತೆ, ಬಾಲಾನಾ? ಹಾಯಿ ಹೊಲಿಯೋಳಿಗೆ ನೀರು ಕಂಡ್ರೆ ಪುಕುಪುಕು ಅನ್ಸುತ್ತೆ ಅಂತ ನೇರವಾಗಿ ಹೇಳ್ಬಿಡು ಮಾರಾಯ್ತಿ, ಯಾರೂ ನಗಲ್ಲ!"

ಯಾರೂ ನಗುವುದಿಲ್ಲ ಎಂದನಲ್ಲ, ಎಲ್ಲರೂ ನಕ್ಕರು. ಸೂಪ್ ಬಡಿಸುತ್ತಿದ್ದ ನಾನೂ ನಕ್ಕೆ. ಆಫ್ಕೆಯ ಕುತ್ತಿಗೆಯಿಂದ ಕೆಂಪು ಏರುತ್ತಾ ಕಿವಿಯವರೆಗೆ ಹೋಯಿತು. ಡೌವೆ ಮೆಟ್ಟನ್ನು ಅವಳ ಮಜ್ಜಿಗೆ ಲೋಟದ ಪಕ್ಕದಲ್ಲಿಟ್ಟ. ಅವಳು ಬ್ರೆಡ್ಡಿನ ಮೇಲೆ ಚೀಸ್ ಇಟ್ಟುಕೊಂಡು, ಅದನ್ನು ನೋಡುತ್ತಲೇ ತಿಂದಳು.

ಯಾಕೆ ಹಾಗೆ ಮಾಡಿದೆ ಎಂದು ಎಲ್ಲ ಮುಗಿದ ಮೇಲೆ ಅವನನ್ನು ಕೇಳಿದೆ. ಅವನು ಹೇಳಿದ: "ನೀರಿಗೆ ಇಳೀದೇ ಇರೋರ ಮಾತು ಬಂದ್ರೆ ಜನ ನನ್ನ ಕಡೆ ತಿರುಗಿ ನೋಡ್ತಾರೆ ಅಂತ ಭಯ ಆಯ್ತು. ಅದಕ್ಕೇ ಎಲ್ರೂ ಅವಳ ಕಡೆ ನೋಡೋ ಹಾಗೆ ಮಾಡಿದೆ." ಇದಕ್ಕಿಂತ ನೀಚತನ ಇನ್ನೊಂದಿದೆಯೇ ಎಂದು ನಾನು ಕೇಳಬೇಕೆಂದಿದ್ದೆ. ಅವನ ಮುಖ ನೋಡಿ ಕೇಳಲಿಲ್ಲ.

ಮೆಟ್ಟು ಆಫ್ಕೆಯ ಮುಂದಿನಿಂದ ಏಳಲೇ ಇಲ್ಲ. ಅವಳು ಕೊಳಕ್ಕೆ ಬರುವುದಿಲ್ಲ, ಮೆಟ್ಟು ಬೇರೆಯವರ ಮುಂದೆ ಹೋಗುವುದಿಲ್ಲ. ವಾರದ ಮೇಲೆ ವಾರ. ಮೊದಮೊದಲು ನಗುತ್ತಿದ್ದವರು ಆಮೇಲೆ ಅದನ್ನು ಗಮನಿಸುವುದನ್ನೇ ಬಿಟ್ಟರು. ಅವಳ ಅಕ್ಕಪಕ್ಕದ ಕುರ್ಚಿಗಳು ನಿಧಾನವಾಗಿ ಖಾಲಿಯಾದವು.

ವಸಂತಕ್ಕೆ ಮೈಂಡರ್ಟ್ ಇನ್ನೊಂದು ಯೋಚನೆ ತಂದ. ಬೇಸಿಗೆ ರಜೆಗೆ ಮೊದಲು ಕಾರ್ಖಾನೆಯ ಎಲ್ಲರೂ ಕೆಲಸದ ಬಟ್ಟೆ, ಬೂಟು ಹಾಕಿಕೊಂಡು, ಮಕ್ಕಳ ಹಾಗೆ, ಕೊಳಕ್ಕೆ ಹಾರಿ ಹಾಯಿಬಟ್ಟೆಯ ತೂತಿನಲ್ಲಿ ನುಸುಳಿ ಬರಬೇಕು.

"ಮೊದಲು ಹಾರೋನು ನಮ್ಮ ಡೌವೆ" ಎಂದ ಮೈಂಡರ್ಟ್. "ಕಿವಿ ಗಿವಿ ಅನ್ಬೇಡ. ಕಿವಿಗೆ ಹಾಕ್ಕೊಳ್ಳೋಕೆ ಮೇಣದ ಬೆಣೆ ತರ್ಸಿದೀನಿ ನಿಂಗೋಸ್ಕರ."

ಎಲ್ಲರೂ ಚಪ್ಪಾಳೆ ತಟ್ಟಿದರು. ಡೌವೆ ಎದ್ದು ತಲೆಬಾಗಿದ, ನಾಟಕದವನ ಹಾಗೆ. ಅವನ ಮುಂದೆ ಈಗ ಎರಡೇ ದಾರಿ. ಅಷ್ಟರೊಳಗೆ ಈಜು ಕಲಿಯಬೇಕು, ಇಲ್ಲವೇ ತಾನು ಮೆಟ್ಟು ಇಟ್ಟ ಜನರ ಎದುರು ಬಾಯಿ ಬಿಡಬೇಕು.

ಅವನು ಮೊದಲನೆಯದನ್ನು ಆರಿಸಿಕೊಂಡ. ನಮ್ಮೂರಿನಲ್ಲಿ ಕಲಿತರೆ ಸುದ್ದಿ ಸಂಜೆಗೆ ಬೇಕರಿ ತಲುಪುತ್ತದೆ. ಹಾಗಾಗಿ ದೂರದ ಡ್ರಾಖ್ಟೆನ್ ಪಟ್ಟಣದ ಕೊಳದಲ್ಲಿ ಶನಿವಾರ ದೊಡ್ಡವರಿಗೆ ಕಲಿಸುವ ತರಗತಿ ಸೇರಿದ. ಹೆಂಡತಿಗೆ ಮರದಂಗಡಿಗೆ ಹೋಗುತ್ತೇನೆಂದು ಹೇಳಿ ಹೊರಟ. ಟವೆಲನ್ನು ಉಪಕರಣದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟುಕೊಂಡ. ಮಕ್ಕಳ ಕಡೆಯ ಆಳವಿಲ್ಲದ ನೀರಿಗೆ ಏಣಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಯಾರೋ ಕೇಳಿದರು.

"ಕಿವಿ ಹೇಗಿದೆ?"

ತಿರುಗಿ ನೋಡಿದರೆ ಸೊಂಟದವರೆಗಿನ ನೀರಿನಲ್ಲಿ ಹಸಿರು ಟೋಪಿ ಹಾಕಿಕೊಂಡು, ಈಜು ಕಲಿಯುವವರ ತೇಲುಹಲಗೆಯನ್ನು ಎದೆಗೆ ಒತ್ತಿಕೊಂಡು ಆಫ್ಕೆ ನಿಂತಿದ್ದಳು.

ಆ ಕ್ಷಣ ಏಣಿ ಮುರಿದು ತಾನು ಸತ್ತಿದ್ದರೂ ಸರಿಯಿತ್ತು ಎನ್ನಿಸಿತಂತೆ. ಕೆಳಗಿಳಿಯಲು ಧೈರ್ಯವಿರಲಿಲ್ಲ. ಏಣಿಯನ್ನು ತಬ್ಬಿಕೊಂಡು ಅಲ್ಲೇ ನಿಂತ.

"ನಿಂಗೂ ಬರಲ್ವಾ?" ಎಂದಳು ಅವಳು.

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ."

"ಹಂಗಾದ್ರೆ ನನ್ನ ಮುಂದೆ ಮೆಟ್ಟು ಇಟ್ಟಿದ್ದು ಯಾಕೆ?"

ಅವನು "ತಪ್ಪಾಯ್ತು ಆಫ್ಕೆ, ಕ್ಷಮಿಸು" ಎಂದ.

"ಇಲ್ಲಿ ಬೇಡ" ಎಂದಳು. "ಇಲ್ಲಿ ಯಾರಿದಾರೆ, ನಾನು ನೀನು ಬಿಟ್ರೆ? ಎಲ್ಲಿ ಅಂದ್ಯೋ ಅಲ್ಲೇ ಹೇಳು. ಕ್ಯಾಂಟೀನಲ್ಲಿ, ಎಲ್ರೂ ಸೂಪ್ ಕುಡೀತಿರುವಾಗ. ನಾನು ಬಾಯಿ ಬಿಡಲ್ಲ, ನೀನೇ ಹೇಳ್ಬೇಕು."

"ಸೋಮವಾರ ಹೇಳ್ತೀನಿ."

"ಸರಿ. ಈಗ ಆ ಏಣಿ ಬಿಡು, ಅದನ್ನೇನು ನಿನ್ನ ಹೆಂಡ್ತಿ ಅಂತ ತಿಳ್ಕೊಂಡಿದೀಯಾ?"

ಸೋಮವಾರ ಬಂತು. ಅವನು ಹೇಳಲಿಲ್ಲ. ಆಫ್ಕೆ ಮೆಟ್ಟಿನ ಮುಂದೆ ಕೂತು ಅವನನ್ನೇ ನೋಡುತ್ತಾ ಊಟ ಮಾಡಿದಳು. ಅವನು ಸೇಬು ಕಚ್ಚುತ್ತಾ ಕಿಟಕಿಯಾಚೆ ನೋಡಿದ. ಶನಿವಾರ ಕೊಳದಲ್ಲಿ, "ಆಗ್ಲಿಲ್ಲ, ಮುಂದಿನ ವಾರ" ಎಂದ. ಅವಳು ಹಲಗೆ ಬಿಟ್ಟು ಈಜಲು ಕಲಿತಳು, ಇವನು ಅಂಚು ಬಿಡಲು ಕಲಿಯಲಿಲ್ಲ. ಹೇಳಿಕೊಡುವ ಹುಡುಗಿ ಎಷ್ಟು ಪುಸಲಾಯಿಸಿದರೂ ನೀರು ಗಲ್ಲ ಮುಟ್ಟಿದ ತಕ್ಷಣ ಬೆರಳುಗಳು ತಾವಾಗಿ ಅಂಚು ಹುಡುಕುತ್ತಿದ್ದವು. ಮುಂದಿನ ಸೋಮವಾರವೂ ಹೇಳಲಿಲ್ಲ, ಅದರ ಮುಂದಿನದೂ ಇಲ್ಲ.

ಆಮೇಲೆ ಅದಕ್ಕಿಂತ ಕೆಟ್ಟದ್ದು ನಡೆಯಿತು. ಒಂದು ಮಧ್ಯಾಹ್ನ ವೆಲ್ಡಿಂಗಿನ ಯೋರಿಟ್ ಮೆಟ್ಟನ್ನು ಕೈಗೆತ್ತಿಕೊಂಡು, "ಆಫ್ಕೆ, ಬಟ್ಟೆ ಹಾಕ್ಕೊಂಡು ಹಾರೋ ದಿನ ನೀನು ಇದ್ರಲ್ಲೇ ಕೂತ್ಕೊಂಡು ಬಾ, ದೋಣಿ ಥರ ತೇಲುತ್ತೆ" ಎಂದ. ಮೇಜಿಗೆ ಮೇಜೇ ನಕ್ಕಿತು. ಆಫ್ಕೆ ಡೌವೆಯತ್ತ ನೋಡಿದಳು. ಡೌವೆಯೂ ನಕ್ಕ. ನಗದಿದ್ದರೆ ಯಾರಿಗಾದರೂ ಅನುಮಾನ ಬಂದೀತು ಎಂದು ನಕ್ಕನಂತೆ. ಆ ನಗುವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹಲ್ಲುನೋವಿದ್ದವನು ನಕ್ಕ ಹಾಗಿತ್ತು.

ಅವಳು ಊಟ ಬಿಟ್ಟೆದ್ದು ನೇರ ಮೈಂಡರ್ಟನ ಕೋಣೆಗೆ ಹೋಗಿ, ಬೇಸಿಗೆಯ ನಂತರ ಕೆಲಸ ಬಿಡುತ್ತೇನೆ ಎಂದು ಹೇಳಿದಳು. ಸರೋವರದ ಆಚೆ ದಡದಲ್ಲಿ ಇನ್ನೊಂದು ಹಾಯಿ ಹೊಲಿಯುವ ಅಂಗಡಿಯಿತ್ತು. ಡ್ರಾಖ್ಟೆನ್ನಿನ ತರಗತಿಯನ್ನೂ ಬೇರೆ ದಿನಕ್ಕೆ ಬದಲಾಯಿಸಿಕೊಂಡಳು. ಶನಿವಾರ ಆ ಮಕ್ಕಳ ನೀರಿನಲ್ಲಿ ಡೌವೆ ಒಬ್ಬನೇ ಅಂಚು ಹಿಡಿದುಕೊಂಡು ನಿಂತಿರುತ್ತಿದ್ದ.

ಹಾರುವ ಗುರುವಾರ ಬಂದೇ ಬಂತು. ಎಲ್ಲರೂ ನೀಲಿ ಡಂಗ್ರಿ, ಕೆಲಸದ ಬೂಟುಗಳಲ್ಲಿ ಕೊಳದ ಸುತ್ತ ನಿಂತಿದ್ದರು. ನಾನು ನನ್ನ ಏಪ್ರನ್ ಸಮೇತ ಹೋಗಿದ್ದೆ. ಆಫ್ಕೆಯೂ ಬಂದಿದ್ದಳು, ಗೋಡೆಗೆ ಒರಗಿಸಿಟ್ಟ ಕೊಕ್ಕೆಕೋಲಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಕೊಳ ನೋಡಿಕೊಳ್ಳುವವನು ಆಚೆ ತುದಿಯಲ್ಲಿ ಹಾಯಿಬಟ್ಟೆ ಇಳಿಬಿಡುತ್ತಿದ್ದ, ಅವಳೇ ಹೊಲಿದು ಕೊಟ್ಟದ್ದು. ಡೌವೆ ಆಳದ ಕಡೆಯ ಅಂಚಿಗೆ ಬಂದು ನಿಂತ. ಕಿವಿಯಲ್ಲಿ ಮೇಣದ ಬೆಣೆ.

"ಹಾರು, ಮಾರಾಯಾ!" ಎಂದು ಮೈಂಡರ್ಟ್ ಕೂಗಿದ.

ಈಗಲೂ ಹೇಳಬಹುದಿತ್ತು. ನಾಲ್ಕು ಮಾತು ಸಾಕಿತ್ತು. ಹೇಳುವುದಕ್ಕಿಂತ ಮುಳುಗುವುದು ಸುಲಭ ಎಂದು ತೋರಿತು ಅವನಿಗೆ. ಕಣ್ಣು ಮುಚ್ಚಿ ಹಾರಿಬಿಟ್ಟ.

ನೀರು ಚಿಮ್ಮಿತು, ಜನ ಕೇಕೆ ಹಾಕಿದರು. ಅವನ ತಲೆ ಒಮ್ಮೆ ಮೇಲೆ ಬಂತು, ಬಾಯಿ ತೆರೆದಿತ್ತು, ಮತ್ತೆ ಮುಳುಗಿತು. ಕೈಗಳು ನೀರಿನ ಮೇಲೆ ಬಡಿದವು. "ನೋಡ್ರೋ, ಕಪ್ಪೆ ಆಟ ಆಡ್ತಾನೆ!" ಎಂದ ಯೋರಿಟ್. ಎಲ್ಲರೂ ನಗುತ್ತಿದ್ದರು. ಊರಿಗೆಲ್ಲ ಆರೋಗ್ಯ ಹೇಳಿಕೊಡುವವನು ಮುಳುಗುತ್ತಿದ್ದಾನೆ ಎಂದು ಯಾರ ತಲೆಗೂ ಹೊಳೆಯಲಿಲ್ಲ. ಒಬ್ಬಳಿಗೆ ಬಿಟ್ಟು. ಆಫ್ಕೆ ಗೋಡೆಗಿದ್ದ ಕೊಕ್ಕೆಕೋಲನ್ನು ಕಿತ್ತುಕೊಂಡು ಓಡಿ ಬಂದು, ಮೊಣಕಾಲೂರಿ, ಅವನ ಕೈಯಿದ್ದ ಕಡೆಗೆ ಚಾಚಿದಳು. "ಹಿಡ್ಕೋ! ಡೌವೆ, ಹಿಡ್ಕೊಳೋ!" ಅವನು ಹಿಡಿದ. ಎರಡೂ ಕೈಯಲ್ಲಿ, ಏಳು ವರ್ಷದವನಾಗಿದ್ದಾಗ ಹಿಡಿದಂತೆಯೇ. ಅವಳು ಎಳೆದಳು, ಆಮೇಲೆ ಉಳಿದವರೂ ಕೈಹಾಕಿ ಎಳೆದರು.

ದಂಡೆಯ ಮೇಲೆ ಕೂತು ಕೆಮ್ಮಿದ. ಮೂಗು, ಬಾಯಿಂದ ನೀರು ಸುರಿಯುತ್ತಿತ್ತು.

"ಏನಾಯ್ತೋ? ಕಿವೀನಾ?" ಎಂದು ಮೈಂಡರ್ಟ್ ಗಾಬರಿಯಿಂದ ಬಗ್ಗಿದ. "ಕಿವಿಗೆ ನೀರು ಹೋಗಿ ತಲೆ ಸುತ್ತಿತಾ?"

ಆಫ್ಕೆ ಇನ್ನೂ ಕೋಲು ಹಿಡಿದು ನಿಂತಿದ್ದಳು. ಡೌವೆ ಅವಳನ್ನು ನೋಡಿದ, ಆಮೇಲೆ ಮೈಂಡರ್ಟನನ್ನು ನೋಡಿದ.

"ಹೂಂ" ಎಂದ. "ಕಿವಿ."

ಅವಳು ಕೋಲನ್ನು ಗೋಡೆಗೆ ಒರಗಿಸಿದಳು. ಡಂಗ್ರಿಯ ಗುಂಡಿ ಸರಿಮಾಡಿಕೊಂಡು, ಬೂಟು ಸಮೇತ ನೀರಿಗೆ ಹಾರಿದಳು. ಚಂದವಾಗೇನೂ ಈಜಲಿಲ್ಲ. ಮುದಿ ನಾಯಿಯ ಹಾಗೆ ಕತ್ತೆತ್ತಿಕೊಂಡು ಏದುಸಿರು ಬಿಡುತ್ತಾ ಹೋದಳು. ಆಚೆ ತುದಿಯಲ್ಲಿ ಉಸಿರು ಬಿಗಿಹಿಡಿದು ಮುಳುಗಿ, ತಾನೇ ಹೊಲಿದ ಬಟ್ಟೆಯ ತೂತಿನಲ್ಲಿ ನುಸುಳಿ ಎದ್ದಳು. ಜನ ಬಾಯಿ ತೆರೆದುಕೊಂಡು ನೋಡಿದರು. "ಅಲರ್ಜಿ ವಾಸಿ ಆಯ್ತೇನೇ?" ಎಂದು ಯಾರೋ ಕೂಗಿದರು. ಅವಳು ಮುಖದ ನೀರು ಒರೆಸಿಕೊಂಡು ಡೌವೆಯತ್ತ ತಿರುಗಿದಳು. ಇನ್ನೊಂದು ಅವಕಾಶ ಕೊಟ್ಟಳು ಅವಳು, ಅದು ನನಗೆ ಆಮೇಲೆ ಅರ್ಥವಾಯಿತು. ಟವೆಲು ಹೊದ್ದು ಬೆಂಚಿನ ಮೇಲೆ ಕೂತಿದ್ದ ಡೌವೆ ನೀರು ಸೋರುವ ತನ್ನ ಬೂಟುಗಳನ್ನೇ ನೋಡುತ್ತಿದ್ದ.

ಮರುದಿನ ಶುಕ್ರವಾರ. ಬಟಾಣಿ ಸೂಪ್ ಮಾಡಿದ್ದೆ, ಬೇಸಿಗೆಯಾದರೂ ಅವತ್ತು ಚಳಿಗಾಳಿ ಇತ್ತು. ಆಫ್ಕೆ ಈಜಿಬಿಟ್ಟಳು, ಈ ವಾರ ಮೆಟ್ಟು ಯಾರ ಪಾಲಿಗೆ ಎಂದು ಜನ ಗುಸುಗುಸು ಮಾತಾಡುತ್ತಿದ್ದರು. ಡೌವೆ ಎದ್ದು ಬಂದು ಅವಳ ಮುಂದಿನ ಮೆಟ್ಟನ್ನು ಎತ್ತಿಕೊಂಡ. ಮೇಜಿನ ಸುತ್ತ ನಡೆದ. ಅವನು ಹತ್ತಿರ ಬಂದಾಗೆಲ್ಲ ಕೂತವರು, "ಅಯ್ಯೋ, ನಂಗಲ್ಲಪ್ಪಾ" ಎಂದು ವಾಲುತ್ತಿದ್ದರು. ಇಡೀ ಸುತ್ತು ಬಂದು, ಅದನ್ನು ತನ್ನ ತಟ್ಟೆಯ ಪಕ್ಕದಲ್ಲಿಟ್ಟ.

ಎಲ್ಲರೂ ನಕ್ಕರು. ಹೊಸ ತಮಾಷೆ ಎಂದುಕೊಂಡರು.

"ನಗ್ಬೇಡಿ" ಎಂದ. ದನಿ ಎಷ್ಟು ಸಣ್ಣಗಿತ್ತೆಂದರೆ ಸೌಟು ಕೆಳಗಿಟ್ಟು ಕೇಳಬೇಕಾಯಿತು. "ನಂಗೆ ಈಜು ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಕಿವಿ ಸರಿಯಾಗೇ ಇದೆ. ಶನಿವಾರ ಶನಿವಾರ ಡ್ರಾಖ್ಟೆನ್ನಲ್ಲಿ ಸಣ್ಣ ಮಕ್ಕಳ ನೀರಲ್ಲಿ ಕಲೀತಿದೀನಿ, ಅದೂ ಬರ್ತಿಲ್ಲ. ಆಫ್ಕೆಗೆ ಇದು ಗೊತ್ತಿತ್ತು. ಅವಳು ಯಾರಿಗೂ ಹೇಳ್ಲಿಲ್ಲ. ನಾನು ನಂಗೇ ಬರಲ್ಲ ಅಂತ ಗೊತ್ತಿದ್ದೂ ಅವಳ ಮುಂದೆ ಇದನ್ನ ಇಟ್ಟೆ, ದಿನಾ ನೋಡ್ತಾ ಊಟ ಮಾಡಿದೆ. ನಿನ್ನೆ ಅವಳು ನನ್ನನ್ನ ಮೇಲೆ ಎಳೆದ್ಲು. ಆಗ್ಲೂ ನಾನು ಕಿವಿ ಅಂದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಮೈಂಡರ್ಟ್ ಸೂಪಿನೊಳಗೆ ಚಮಚ ತಿರುಗಿಸುತ್ತಿದ್ದ. ಯೋರಿಟ್ ತನ್ನ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡ. ಇಷ್ಟು ವಾರ ಅದರ ಸುತ್ತ ಮೇಜು ಒರೆಸಿದ ನನಗೆ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು ಆಫ್ಕೆ" ಎಂದ ಡೌವೆ.

ಅವಳು ಬ್ರೆಡ್ಡು ಮುರಿದು ಸೂಪಿನಲ್ಲಿ ಅದ್ದಿದಳು. "ನನ್ನ ಮುಂದೆ ಎಷ್ಟು ದಿನ ಇತ್ತೋ ಅಷ್ಟು ದಿನ ನಿನ್ನ ಮುಂದೆ ಇರ್ಲಿ" ಎಂದಳು. "ಕೂತ್ಕೋ. ಸೂಪ್ ಆರ್ತಿದೆ."

ಇಟ್ಟುಕೊಂಡ. ಪ್ರತಿ ಮಧ್ಯಾಹ್ನ ಅದನ್ನು ನೋಡುತ್ತಾ ಊಟ ಮಾಡಿದ. ಕೆಲಸ ಬಿಡಬೇಡ ಎಂದು ಆಫ್ಕೆಯ ಅಟ್ಟ ಹತ್ತಿ ಹೋಗಿ ಕೇಳಿಕೊಂಡ.

"ನೀನು ಹೇಳ್ಬೇಕಾದ್ದು ಹೇಳ್ದೆ" ಎಂದಳಂತೆ ಅವಳು, ಹೊಲಿಗೆಯಿಂದ ಕಣ್ಣು ತೆಗೆಯದೆ. "ಆದ್ರೆ ನಾನು ಆ ಮೇಜಿಗೆ ಬಂದಾಗೆಲ್ಲ ನಕ್ಕ ಮುಖಗಳೇ ಕಾಣ್ತವೆ ಕಣೋ. ನಿಂದೊಂದೇ ಅಲ್ಲ."

ಹೊರಡುವ ದಿನ ಅವಳು ನಮ್ಮ ರೂಢಿಯಂತೆ ಎಲ್ಲರಿಗೂ ಮೇಲೆ ಗುಲಾಬಿ ಬಣ್ಣದ ಸಕ್ಕರೆ ಲೇಪಿಸಿದ ಕಿತ್ತಳೆಹಣ್ಣಿನ ಕೇಕು ತಂದಿದ್ದಳು. ನೆನಪಿಗೆ ಏನು ಬೇಕು ಎಂದು ಮೈಂಡರ್ಟ್ ಕೇಳಿದ. ಗಡಿಯಾರವೋ, ಹೊಸ ಸೈಕಲ್ಲೋ, ಏನು ಬೇಕಾದರೂ ಕೇಳು ಎಂದ.

"ಆ ಮೆಟ್ಟು ಕೊಡಿ" ಎಂದಳು.

ಡೌವೆಯೇ ಎತ್ತಿಕೊಡಬೇಕಾಯಿತು, ಅದು ಇನ್ನೂ ಅವನ ಮುಂದಿತ್ತಲ್ಲ. ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ಅದನ್ನು ಸೈಕಲ್ಲಿನ ಚೀಲಕ್ಕೆ ಹಾಕಿಕೊಂಡು, "ಇದರ ಜೋಡಿ ಹುಡುಕಿ ತರೋಕೆ ಹೋಗ್ಬೇಡಿ" ಎಂದು ಹೇಳಿ ಏರಿಯ ಮೇಲೆ ಹೊರಟುಹೋದಳು.

ಅದಾದ ಮೇಲೂ ಡೌವೆ ಆರೋಗ್ಯದ ಕೆಲಸ ಬಿಡಲಿಲ್ಲ. ಬಿಡುತ್ತೇನೆಂದ, ಮೈಂಡರ್ಟ್ ಒಪ್ಪಲಿಲ್ಲ. ಮಧ್ಯಾಹ್ನದ ನಡಿಗೆ ಇವತ್ತಿಗೂ ಇದೆ, ಸೇಬಿನ ಪೆಟ್ಟಿಗೆಯೂ ಬರುತ್ತದೆ. ಡೌವೆ ಯಾರನ್ನೂ ರೇಗಿಸುವುದಿಲ್ಲ. ಬಾಗಿಲ ಬಳಿ ನಿಂತು, "ನಾನು ಹೊರಟೆ, ಬರೋರು ಬನ್ನಿ" ಎಂದಷ್ಟೇ ಹೇಳುತ್ತಾನೆ. ಮೊದಲಿನಷ್ಟು ಜನ ಹೋಗುವುದಿಲ್ಲ. ಹೋಗದವರ ಪಕ್ಕದ ಕುರ್ಚಿಗಳೂ ಖಾಲಿಯಾಗುವುದಿಲ್ಲ.

ಎರಡು ವರ್ಷ ಶನಿವಾರ ತಪ್ಪಿಸದೆ ಹೋಗಿ ಕೊನೆಗೂ ಅವನು ಮಕ್ಕಳ ಸಾಲಿನಲ್ಲಿ ನಿಂತು ಈಜಿನ ಪ್ರಮಾಣಪತ್ರ ತೆಗೆದುಕೊಂಡ. ಯಾರನ್ನೂ ಕರೆಯಲಿಲ್ಲ. ಮೈಂಡರ್ಟನಿಗೆ ಹೇಗೋ ಗೊತ್ತಾಗಿ, ಅದನ್ನು ಚೌಕಟ್ಟು ಹಾಕಿಸಿ ಕ್ಯಾಂಟೀನಿನ ಗೋಡೆಗೆ ತೂಗುಹಾಕಬೇಕೆಂದು ಹಟ ಹಿಡಿದ. ಡೌವೆ ಕೊಡಲಿಲ್ಲ, ಮನೆಯ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾನೆ. ಅವತ್ತು ಬುಧವಾರವಲ್ಲದಿದ್ದರೂ ಅವನಿಗೊಂದು ಕ್ರೋಕೆಟ್ ಕರಿದು ಕೊಟ್ಟು, ಗೋಡೆಗೆ ಹಾಕಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೇಳಿದೆ.

ಅವನು ಆಫ್ಕೆ ಕೂರುತ್ತಿದ್ದ ಕುರ್ಚಿಯ ಕಡೆ ನೋಡಿದ.

"ಅದನ್ನ ನೋಡ್ಬೇಕಾದೋಳು ಇಲ್ಲಿಲ್ವಲ್ಲ ಹಿಲ್ಕೆ" ಎಂದ.